ಪಕ್ಕದ ಫ್ಲ್ಯಾಟಿನವರ ಪಥ್ಯ

2007ರ ಯುಗಾದಿಯಂದು, ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಸೊಸೈಟಿಯ ಕನ್ನಡಿಗರ ಊಟದಲ್ಲಿ, ಪಕ್ಕದ ಫ್ಲ್ಯಾಟಿನ ಎಂಜಿನಿಯರ್ ಹೋಳಿಗೆಯನ್ನು ಒಂದೇ ಬೆರಳಿನಿಂದ ತಟ್ಟೆಯಂಚಿಗೆ ಸರಿಸಿದರು. ನಮ್ಮ ಮನೆಗೆ ಬಂದಾಗಲೆಲ್ಲ ಸಮೋಸಾವನ್ನೂ ಹಾಗೆಯೇ ಸರಿಸಿ, "ಅಪ್ಪ ಆಗೋನ ಊಟವೂ ಮಗೂಗೆ ಮುಟ್ಟುತ್ತಂತೆ, ಡಾಕ್ಟರ್ ಹೇಳಿದಾರೆ" ಎನ್ನುತ್ತಿದ್ದರು.

ಅಂದು ಬಡಿಸುತ್ತಿದ್ದ ಹಿರಿಯ ಮಹಿಳೆಯೊಬ್ಬರು ಅವರ ಹೆಂಡತಿಗೆ ಇನ್ನಷ್ಟು ತುಪ್ಪ ಸುರಿದರು. "ಚೆನ್ನಾಗಿ ತಿನ್ನಮ್ಮ. ಆರು ವರ್ಷ ಆಯ್ತು, ಇನ್ನೂ ಮಗು ಇಲ್ಲ." ಹೆಂಡತಿ ತಲೆ ತಗ್ಗಿಸಿದರು.

"ಆಂಟಿ, ಅವಳನ್ನ ಬಿಡಿ. ವೀರ್ಯದ ರಿಪೋರ್ಟ್ ಸರಿ ಇಲ್ದಿರೋದು ನಂದು. ಕೋಸಂಬರಿ ನನಗೆ ಹಾಕಿ," ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು.

"ಅಚ್ಛಾ, ಹಾಗಾದ್ರೆ ನೀನೇ ತಿನ್ನು!" ಆಂಟಿ ಕೋಸಂಬರಿಯ ಪಾತ್ರೆಯನ್ನೇ ಅವರ ತಟ್ಟೆಗೆ ಬಗ್ಗಿಸಿದರು.

2009ರಲ್ಲಿ ದಂಪತಿ ಫರೀದಾಬಾದಿಗೆ ಮನೆ ಬದಲಿಸಿದರು. ಮಗುವಾಗಿರಲಿಲ್ಲ. ಹೊರಡುವಾಗ ನಾನು ಕೊಟ್ಟ ಎರಡು ಸಮೋಸಾಗಳ ತಟ್ಟೆಯನ್ನು ಅವರು ಒಂದೇ ಬೆರಳಿನಿಂದ ಹೆಂಡತಿಯತ್ತ ಸರಿಸಿದರು. ಆಕೆ ಎರಡನ್ನೂ ತಿಂದರು.