ಆಯಿಲ್ ಹಾಕಿದ್ದೆ ಭಾವ

ಮರ ಕೊಯ್ಯುವ ಮಿಷನ್ ಹೊತ್ತು ತಂದವರ ಮಾತನ್ನು ನಾನು ಮೊದಲಿನಿಂದಲೂ ನಂಬಿದವನಲ್ಲ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ನಮ್ಮ ಮನೆಯ ಜಗಲಿಯ ಮೇಲೆ ಕೆಟ್ಟ ಮಿಷನ್‌ಗಳನ್ನು ಬಿಚ್ಚಿಕೊಂಡು ಕೂರಲು ಶುರುಮಾಡಿ ಹನ್ನೆರಡು ವರ್ಷವಾಯಿತು. ತಪ್ಪು ತನ್ನದು ಎಂದು ಒಪ್ಪಿಕೊಂಡ ಒಬ್ಬನೂ ಈ ಜಗಲಿ ಹತ್ತಿಲ್ಲ. ಎಲ್ಲರದ್ದೂ ಒಂದೇ ರಾಗ: "ಚೆನ್ನಾಗೇ ಇತ್ತು ಕಣಣ್ಣ, ಇದ್ದಕ್ಕಿದ್ದಂಗೆ ನಿಂತೋಯ್ತು." ನಾನು ಹೂಂಗುಟ್ಟುತ್ತಲೇ ಸ್ಪ್ಯಾನರ್ ಎತ್ತಿಕೊಳ್ಳುತ್ತೇನೆ. ಒಮ್ಮೆ ಕುರಿ ಸಾಕುವವನೊಬ್ಬ ಬಂದು, ಸೊಪ್ಪಿಗೆಂದು ಬೇವಿನ ಕೊಂಬೆ ಕೊಯ್ದದ್ದು ಬಿಟ್ಟರೆ ಬೇರೇನೂ ಮುಟ್ಟಿಲ್ಲ ಎಂದ. ಪಕ್ಕದ ಮುಚ್ಚಳ ತೆಗೆದರೆ ಒಳಗೆಲ್ಲ ಅರಿಸಿನದಂಥ ಹಳದಿ ಹೊಟ್ಟು. ಹಲಸಿನ ಮರ ಕೊಯ್ದರೆ ಮಾತ್ರ ಅಂಥ ಹೊಟ್ಟು ಬರುತ್ತದೆ. "ಯಾರ ಹಲಸು?" ಎಂದೆ. ಕುರಿ ಬೇಲಿ ಹಾರ್ತಾವೆ ಎನ್ನುತ್ತ ಎದ್ದು ಹೋದ.

ಇದನ್ನು ನನ್ನ ಹೆಂಡತಿ ಅನುಮಾನದ ರೋಗ ಎನ್ನುತ್ತಾಳೆ. ಸೊಪ್ಪಿನವಳ ತಕ್ಕಡಿ, ಬಸ್ಸಿನ ಬೋರ್ಡು, ನೆಂಟರ ಆರೋಗ್ಯ ವಿಚಾರಣೆ, ಯಾವುದನ್ನೂ ನಾನು ಹಾಗೇ ಒಪ್ಪಿಕೊಳ್ಳುವುದಿಲ್ಲ ಅನ್ನುವುದು ಅವಳ ದೂರು. ಇರಬಹುದು. ಆದರೆ ಮಿಷನ್ ರಿಪೇರಿಗೆ ಅನುಮಾನವೇ ಮುಖ್ಯ ಸಾಮಾನು ಎಂದು ನಾನು ತಿಳಿದಿದ್ದೆ, ಆ ಬಗ್ಗೆ ಜಂಬವೂ ಇತ್ತು.

ರಾಮನಗರದ ಗುಜರಿ ಅಂಗಡಿಯಲ್ಲಿ ಒಂದು ಸಲ ಹಳೆಯ ಮಿಷನ್ ಒಂದು ಸಿಕ್ಕಿತು. ಯಾವ ಬಣ್ಣದ್ದೆಂದು ಹೇಳಲಾಗದಷ್ಟು ಜಿಡ್ಡು ಮೆತ್ತಿತ್ತು. ಪ್ಲಗ್ ಒಂದು ಹೋಗಿದೆ ಅಷ್ಟೇ ಎಂದ ಗುಜರಿಯವನು. ಅದರಲ್ಲಿ ಪ್ಲಗ್ ಒಂದೇ ಸರಿಯಾಗಿತ್ತು. ಕೈಯಲ್ಲಿ ಹಿಡಿದರೆ ಭಾರ, ಗಟ್ಟಿ, ಈಗಿನ ಪ್ಲಾಸ್ಟಿಕ್ ಆಟವಲ್ಲ. ರೇಷ್ಮೆಹುಳದ ಕೆಲಸ ಮುಗಿದ ಮೇಲಿನ ಮಧ್ಯಾಹ್ನಗಳನ್ನೆಲ್ಲ ಅದಕ್ಕೇ ಸುರಿದೆ. ಕಾರ್ಬುರೇಟರ್ ತೊಳೆದೆ, ಪಿಸ್ಟನ್ನಿನ ಮಸಿ ಕೆರೆದೆ, ಸ್ಟಾರ್ಟ್ ಮಾಡಲು ಎಳೆಯುವ ಹಗ್ಗ ಬದಲಿಸಿದೆ, ಚೈನಿನ ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿದೆ. ಮೂರನೇ ಎಳೆತಕ್ಕೆ ಅದು ಗುರ್ ಅಂದಾಗ ಹೆಂಡತಿ ಮೊರ ಹಿಡಿದುಕೊಂಡೇ ಹೊರಗೆ ಓಡಿಬಂದಳು. ನನಗೆ ಅವತ್ತು ಆದ ಖುಷಿ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಅದನ್ನು ನೋಡಿ ಆಸೆಪಟ್ಟವನು ನನ್ನ ಬಾಮೈದ, ಹೆಂಡತಿಯ ತಮ್ಮ. ಸೋಲೂರಿನ ಹತ್ತಿರ ಅವರ ತೋಟ. ಫಲ ನಿಂತ ತೆಂಗಿನಮರಗಳನ್ನು ಉರುಳಿಸುವುದಿತ್ತು. ಅಕ್ಕಪಕ್ಕದ ತೋಟದವರೂ ನಮ್ಮವನ್ನೂ ಕೊಯ್ದುಕೊಡು ಎಂದು ಕೇಳಿದ್ದರಂತೆ.

"ಒಂದ್ ವಾರ ಕೊಡ್ತೀರಾ ಭಾವ?" ಎಂದ.

"ಎಲ್ಲಾ ಹೊಸ ಸಾಮಾನು ಹಾಕಿವ್ನಿ. ಪೆಟ್ರೋಲಿಗೆ ಆಯಿಲ್ ಬೆರ್ಸೋದೊಂದ ಮರೀಬ್ಯಾಡ," ಎಂದೆ.

ಈ ಮಿಷನ್‌ಗಳಿಗೆ ಇಂಜಿನ್ನಿನ ಆಯಿಲ್ ಹಾಕುವ ಬೇರೆ ಜಾಗವಿಲ್ಲ. ಪೆಟ್ರೋಲಿನಲ್ಲೇ ಬೆರೆಸಬೇಕು. ಹಳೆಯ ಮೊಪೆಡ್ ಓಡಿಸಿದವರಿಗೆಲ್ಲ ಇದು ಗೊತ್ತು, ಈಗಿನ ಬೈಕಿನವರು ಮರೆತುಬಿಡುತ್ತಾರೆ. ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಅರ್ಧ ಗಂಟೆಯಲ್ಲಿ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಬಾಮೈದ ಲೀಟರಿಗೆ ಎರಡು ಮುಚ್ಚಳ ಎಂದು ಎರಡು ಸಲ ಹೇಳಿಕೊಂಡು ಬಸ್ಸು ಹತ್ತಿದ.

ನಾಲ್ಕನೇ ದಿನವೇ ಮಿಷನ್ನನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ವಾಪಸ್ಸು ಬಂದ. ಹಗ್ಗ ಜಗ್ಗಿದರೆ ಅಲ್ಲಾಡಲಿಲ್ಲ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಪಿಸ್ಟನ್ ಮೇಲೆ ಬೆಕ್ಕು ಪರಚಿದಂತೆ ಗೀರು.

"ಆಯಿಲ್ ಹಾಕಿಲ್ಲ."

"ಹಾಕಿದ್ದೆ ಭಾವ. ನೀವ್ ಹೇಳ್ದಷ್ಟೇ ಹಾಕಿದ್ದೆ. ಆದ್ರೆ ರೇಸ್ ಬುಟ್ರೂ ಒಸಿ ಹೊತ್ತು ಹಂಗೇ ಕೂಗ್ತಾ ಇತ್ತು. ಇದು ಇಂಗೇ ಏನೋ ಅನ್ಕಂಡೆ."

ಕೇಳಿದ್ದಕ್ಕಿಂತ ಹೆಚ್ಚು ವಿವರ ಕೊಡುವವನು ಸುಳ್ಳು ಹೇಳುತ್ತಿರುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಅವನ ಮುಖವನ್ನೇ ದಿಟ್ಟಿಸಿದೆ. ಅವನು ಕಣ್ಣು ತಗ್ಗಿಸಿದ. ಅದೂ ನನಗೆ ಒಂದು ಸಾಕ್ಷಿಯಾಗಿ ಕಂಡಿತು. ತನ್ನ ಮಗಳ ಮೇಲೆ ಆಣೆ ಮಾಡುತ್ತೇನೆ ಎಂದ. "ಹಾಕ್ದೆ ಇರೋ ಆಯಿಲ್ಲಿಗೆ ಆ ಮಗೂನ ಯಾಕ್ಲಾ ಎಳೀತೀಯ?" ಎಂದುಬಿಟ್ಟೆ. ಹೆಂಡತಿ ತಂದಿಟ್ಟ ಕಾಫಿ ಕುಡಿಯದೆ ಹೊರಟುಹೋದ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಬಿಡಲಿಲ್ಲ. ಗೀರು ಬಿದ್ದ ಪಿಸ್ಟನ್ನಿನ ಫೋಟೋ ತೆಗೆದು, ಕೆಳಗೆ "ಆಯಿಲ್ ಹಾಕಿದ್ದೆ ಭಾವ" ಎಂದು ಬರೆದು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಗ್ರೂಪಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಅಲ್ಲಿಂದ ಆ ಮಾತು ಊರು ಸುತ್ತಲು ಹೊರಟಿತು. ಕನಕಪುರದ ಷಡ್ಡಕ ಮದುವೆಗೆ ತಡವಾಗಿ ಬಂದು ಬಸ್ಸು ಕೆಟ್ಟಿತ್ತು ಎಂದರೆ, "ಆಯಿಲ್ ಹಾಕಿದ್ದೆ ಭಾವ" ಎಂದು ಎಲ್ಲರೂ ಒಟ್ಟಿಗೇ ಕೂಗಿದರು. ಹೋಂವರ್ಕ್ ಮಾಡಿದ್ದೇನೆ ಎನ್ನುವ ಮಕ್ಕಳಿಗೂ ಅದೇ ಉತ್ತರ. ಸೋಲೂರಿನ ಟೀ ಅಂಗಡಿಗೂ ಮಾತು ಮುಟ್ಟಿತು. ಮರ ಕೊಯ್ದುಕೊಡು ಎಂದಿದ್ದವರು ಬೇರೆಯವರನ್ನು ಕರೆದರು. ಪಕ್ಕದ ತೋಟದವನು ಪಂಪ್‌ಸೆಟ್ಟು ಮುಟ್ಟಲೂ ಇವನನ್ನು ಬಿಡಲಿಲ್ಲವಂತೆ. ಬಾಮೈದ ಬಾಯಿ ಬಿಟ್ಟರೆ ಸಾಕು, ಜನ ನಗುವುದಕ್ಕೆ ಕಾಯುತ್ತಿದ್ದರು.

"ನನ್ ತಮ್ಮ ಸುಳ್ ಹೇಳೋನಲ್ಲ," ಎಂದಳು ಹೆಂಡತಿ.

"ಪಿಸ್ಟನ್ ಸುಳ್ ಹೇಳ್ತದಾ?" ಎಂದೆ.

ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬಂತು, ತಮ್ಮ ಬರಲಿಲ್ಲ. ಚನ್ನಪಟ್ಟಣಕ್ಕೆ ಬರುತ್ತಿದ್ದ ಯಾರದೋ ಕೈಯಲ್ಲಿ ಕಳಿಸಿದ್ದ. ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಬಿಚ್ಚದೆ ಕೂತಿದ್ದಳು. ನಾನು ಆಗಲೂ, ತಪ್ಪು ಮಾಡಿದವನಿಗೆ ಮುಖ ತೋರಿಸಲು ನಾಚಿಕೆ ಇರಬೇಕಲ್ಲ ಎಂದುಕೊಂಡೆ.

ಮುಂದಿನ ವರ್ಷ ಆ ಮಿಷನ್ನಿಗೆ ಹೊಸ ಪಿಸ್ಟನ್ ತರಿಸಿ ಹಾಕಿದೆ. ಪೆಟ್ರೋಲಿಗೆ ಆಯಿಲ್ಲನ್ನು ನಾನೇ ಅಳೆದು ಬೆರೆಸಿದೆ. ಹಗ್ಗ ಎಳೆದೆ, ಶುರುವಾಯಿತು. ರೇಸ್ ಕೊಟ್ಟು ಕೈ ಬಿಟ್ಟೆ. ಸದ್ದು ಇಳಿಯಬೇಕಿತ್ತು, ಇಳಿಯಲಿಲ್ಲ. ಯಾರೋ ಇನ್ನೂ ಒತ್ತಿಹಿಡಿದಿರುವ ಹಾಗೆ ಒಂದೇ ಸಮನೆ ಕೂಗಿತು. ಸ್ವಿಚ್ ಆಫ್ ಮಾಡಿದೆ. ಬಾಮೈದ ಅವತ್ತು ಹೇಳಿದ್ದು ನೆನಪಾಯಿತು: ರೇಸ್ ಬುಟ್ರೂ ಒಸಿ ಹೊತ್ತು ಹಂಗೇ ಕೂಗ್ತಾ ಇತ್ತು.

ಹಾಗೆ ಕೂಗುವುದು ಒಳಗೆ ಎಲ್ಲಿಂದಲೋ ಗಾಳಿ ಎಳೆದುಕೊಂಡರೆ. ಗಾಳಿ ಹೆಚ್ಚಾದರೆ ಪೆಟ್ರೋಲು ತೆಳ್ಳಗಾಗುತ್ತದೆ, ಅದರ ಜೊತೆಗಿರುವ ಆಯಿಲ್ಲೂ ಸಾಲದೆ ಹೋಗುತ್ತದೆ. ಎಷ್ಟೇ ಬೆರೆಸಿದರೂ ಪಿಸ್ಟನ್ ಒಣಗಿ ಗೀರು ಬೀಳುತ್ತದೆ, ಆಯಿಲ್ ಹಾಕದೆ ಓಡಿಸಿದಾಗ ಬೀಳುವಂಥದೇ ಗೀರು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಬಾಮೈದನ ಕೈಯಲ್ಲಿ ಕೆಟ್ಟ ಮಿಷನ್ನಿನಲ್ಲಿ ಅದನ್ನು ಹುಡುಕಬೇಕೆಂದು ಅನ್ನಿಸಿರಲಿಲ್ಲ, ಅಷ್ಟೇ.

ಇಂಜಿನ್ನನ್ನು ಬಿಚ್ಚಿ, ಗಾಳಿ, ಹೊಗೆ ಹೋಗುವ ಬಾಯಿಗಳನ್ನೆಲ್ಲ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು, ಪ್ಲಗ್ಗಿನ ಜಾಗದಿಂದ ಪಂಪು ಹೊಡೆದು, ಪಂಕ್ಚರ್ ಅಂಗಡಿಯವರಂತೆ ನೀರಿನ ಟಬ್ಬಿನಲ್ಲಿ ಮುಳುಗಿಸಿದೆ. ಒಂದು ಪಕ್ಕದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಮೊದಲು ಪಂಪಿನ ಮೇಲೆ ಅನುಮಾನ ಬಂತು. ಆಮೇಲೆ ಟ್ಯೂಬಿನ ಮೇಲೆ. ಇನ್ನು ಅನುಮಾನ ಪಡಲು ಏನೂ ಉಳಿಯದೆ ಹೋದಾಗ, ಗುಳ್ಳೆ ಬರುತ್ತಿದ್ದ ಜಾಗದಲ್ಲಿ ಗಾಳಿ ಒಳನುಗ್ಗದಂತೆ ತಡೆಯುವ ರಬ್ಬರ್ ಸೀಲನ್ನು ಕಿತ್ತು ನೋಡಿದೆ. ಕಲ್ಲಿನಂತೆ ಗಡುಸಾಗಿತ್ತು. ಅದು ಹೊಸದಲ್ಲ. ಇನ್ನೊಂದು ಸತ್ತ ಮಿಷನ್ನಿನಿಂದ ತೆಗೆದದ್ದು. ಹೊಸದು ಬರಲು ತಡವಾಗುತ್ತದೆಂದು ಬಿಡಿಭಾಗದ ಅಂಗಡಿಯವನು ಹೇಳಿದ್ದ, ನಾನು ಉಗುರಿನಿಂದ ಒತ್ತಿ ನೋಡಿ ಇನ್ನೂ ಮೆತ್ತಗಿದೆ ಎಂದುಕೊಂಡು ಕೂರಿಸಿದ್ದೆ. ಆಮೇಲೆ ಎಲ್ಲ ಹೊಸದು ಎಂದು ಬಾಮೈದನಿಗೆ ಹೇಳಿದ್ದೆ. ಮರೆತಿದ್ದೆ ಎಂದು ಬರೆಯಬಹುದಿತ್ತು, ಆದರೆ ಆ ಮಾತನ್ನು ಬೇರೆ ಯಾರಾದರೂ ಜಗಲಿಯ ಮೇಲೆ ಕೂತು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ಟಬ್ಬನ್ನೇ ನೋಡುತ್ತಿದ್ದಳು.

"ಸೀಲು ಹಳೇದು," ಎಂದೆ.

"ಹಾಕ್ದೋರ್ಯಾರು?"

ಉತ್ತರ ಅವಳಿಗೂ ಗೊತ್ತಿತ್ತು, ಆದರೂ ನನ್ನ ಬಾಯಿಂದಲೇ ಬರಲೆಂದು ಕಾದಳು. "ನಾನೇ," ಎಂದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದು, "ಏಳಿ, ಮಾಗಡಿ ಬಸ್ಸು ಹೊರಡ್ತದೆ," ಎಂದಳು.

ಎರಡು ಬಸ್ಸು ಬದಲಿಸಿ ಸೋಲೂರು ಸೇರುವವರೆಗೂ ನಾನು ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಬಾಮೈದ ಹಸುವಿಗೆ ಮೇವು ಹಾಕುತ್ತಿದ್ದ. ಅಕ್ಕನನ್ನು ನೋಡಿ ಅವನ ಮುಖ ಅರಳಿತು, ಹಿಂದೆ ನನ್ನನ್ನು ನೋಡಿ ಬಿಗಿದುಕೊಂಡಿತು. "ಬನ್ನಿ ಭಾವ," ಎಂದ. ನಾನು ಏಕೆ ಬಂದೆನೆಂದು ಅವನಿಗೆ ಅನುಮಾನ ಹುಟ್ಟಿದ್ದು ಕಾಣುತ್ತಿತ್ತು. ಜೇಬಿನಿಂದ ಆ ಸೀಲನ್ನು ತೆಗೆದು ಅವನ ಅಂಗೈಯಲ್ಲಿಟ್ಟು, ಗುಳ್ಳೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೆ.

ಅವನು ಸೀಲನ್ನು ತಿರುಗಿಸಿ ನೋಡಿ ನನಗೇ ವಾಪಸ್ಸು ಕೊಟ್ಟ.

"ಇದ್ನ ನಂಗ್ ಹೇಳಿ ಏನ್ ಬಂತು ಭಾವ? ಆಯಿಲ್ ಹಾಕಿದ್ದು ನಂಗ್ ಗೊತ್ತೇ ಇತ್ತಲ್ಲ. ಗೊತ್ತಿಲ್ದೋರ್ಗೆ ಹೇಳಿ."

ಕೋಪದಿಂದ ಹೇಳಿದ್ದಲ್ಲ. ಅದಕ್ಕೇ ತಡೆದುಕೊಳ್ಳಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಟೀ ಅಂಗಡಿಗೆ ಹೋದೆ. ಅವನೂ ಹಿಂದೆ ಬಂದ. ಬೆಂಚಿನ ಮೇಲಿದ್ದ ಐದಾರು ಜನರ ಮುಂದೆ ನಿಂತು ಸೀಲು ತೋರಿಸಿ ಹೇಳಿದೆ: ಇವನು ಆಯಿಲ್ ಹಾಕಿದ್ದ, ಹಳೆಯ ಸೀಲು ಹಾಕಿ ಹೊಸದೆಂದು ಸುಳ್ಳು ಹೇಳಿದವನು ನಾನು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹಿರಿಯ ಲೋಟ ಕೆಳಗಿಟ್ಟು ನಕ್ಕ. "ಬುಡಿ ಯಜಮಾನ್ರೇ. ಎಂಡ್ತಿ ತವರ್ಮನೆ ಒಂದಾಗ್ಲಿ ಅಂತ ನೀವ್ ಇಷ್ಟ್ ದೂರ ಬಂದ್ರಲ್ಲ, ದೊಡ್ಡ ಮನ್ಸು."

"ಇಲ್ಲ, ನಿಜವಾಗ್ಲೂ ತಪ್ಪು ನಂದೇ," ಎಂದೆ.

"ಆಯ್ತು ಆಯ್ತು, ಗೊತ್ತಾಯ್ತದೆ," ಎಂದು ಇನ್ನೊಬ್ಬ ಕಣ್ಣು ಮಿಟುಕಿಸಿದ. ದೇವರ ಮೇಲೆ ಆಣೆ ಎಂದೆ. ಅವರು ಇನ್ನೂ ಜೋರಾಗಿ ನಕ್ಕರು. ನಾನು ಕಣ್ಣು ತಗ್ಗಿಸಿದೆ.

ಬಾಮೈದ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಬನ್ನಿ ಭಾವ, ಮುದ್ದೆ ಆರೋಗ್ತದೆ. ಇನ್ನೊಂದ್ ದಿಸ ಬಂದ್ ಹೇಳೀವ್ರಂತೆ."

ಅವತ್ತಿನಿಂದ ಆರು ಸಲ ಸೋಲೂರಿಗೆ ಹೋಗಿ ಹೇಳಿದ್ದೇನೆ, ನೆಂಟರ ಗ್ರೂಪಿನಲ್ಲೂ ಬರೆದಿದ್ದೇನೆ. ಹೇಳಿಸಿಕೊಂಡವರಲ್ಲಿ ನನ್ನನ್ನು ನಂಬಿದವರು ಇಲ್ಲಿಯವರೆಗೆ ಇಬ್ಬರು.