ಹಸೆಮಣೆಯ ಮೇಲೆ ನಮ್ಮೂರ ಬಾನುಲಿ

ನಮ್ಮೂರ ರೇಡಿಯೊ ಕೇಂದ್ರದಲ್ಲಿ ಮೈಕಿನ ಮುಂದೆ ಒಂದು ಹಳೆಯ ಮರದ ಕುರ್ಚಿಯಿದೆ. ಕೂತವರು ಸ್ವಲ್ಪ ಮಿಸುಕಿದರೂ ಅದು ಕಿರ್ರೆನ್ನುತ್ತದೆ. ಉಳಿದವರು ಕೂತಾಗ ಆಗೊಮ್ಮೆ ಈಗೊಮ್ಮೆ ಗೊಣಗಿ ಸುಮ್ಮನಾಗುವ ಈ ಆಸನವು ನಾನು ಕೂತಾಗ ಮಾತ್ರ ಆದಿಯಿಂದ ಅಂತ್ಯದವರೆಗೆ ಪಕ್ಕವಾದ್ಯ ನುಡಿಸುತ್ತದೆಂಬುದು ಕೇಂದ್ರದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ದೋಷ ಕುರ್ಚಿಯದಲ್ಲ. ನಾನು ಹುಟ್ಟಿನಿಂದಲೇ ಚಡಪಡಿಕೆಯ ಮನುಷ್ಯ. ಪಿರಿಯಾಪಟ್ಟಣದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಕರಿಹಲಗೆಗೂ ಕಿಟಕಿಗೂ ನಡುವೆ ನಾನು ಓಡಾಡಿದ ದೂರವನ್ನೆಲ್ಲ ಕೂಡಿಸಿದರೆ ಕಾಶಿಗೆ ಹೋಗಿಬಂದ ಪುಣ್ಯವಾದರೂ ಸಿಗಬೇಕಿತ್ತು. ಊಟದ ಎಲೆಯ ಮುಂದೆ ಬಿಟ್ಟರೆ ಬೇರೆಲ್ಲೂ ನಾನು ನೆಟ್ಟಗೆ ಕೂತದ್ದನ್ನು ಯಾರೂ ಕಂಡಿಲ್ಲ. ನನ್ನ ಹೆಂಡತಿಯ ಪ್ರಕಾರ ಅಲ್ಲಿಯೂ ಇಲ್ಲ.

ಇಂಥವನಿಗೆ ಕೇಂದ್ರದವರು ಈಚೆಗೆ ಕೂತೇ ಮಾಡಬೇಕಾದ ಕೆಲಸವೊಂದನ್ನು ಒಪ್ಪಿಸಿದರು. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ನಾನು ಕೇಂದ್ರದ ಇತಿಹಾಸ ಬರೆದುಕೊಡಬೇಕಂತೆ.

ಆರಂಭ ಸುಲಭವಾಗಿತ್ತು. ಹೊಗೆಸೊಪ್ಪು ಬೇಯಿಸುವುದನ್ನು ಬಿಟ್ಟ ರೈತರೊಬ್ಬರು ಪಾಳುಬಿದ್ದ ತಮ್ಮ ಬ್ಯಾರನ್ನನ್ನು ಬಿಟ್ಟುಕೊಟ್ಟರು. ಕಿಟಕಿಯಿಲ್ಲದ, ದಪ್ಪ ಮಣ್ಣಿನ ಗೋಡೆಯ ಆ ಬೇಯಿಸುವ ಮನೆಯೇ ನಮ್ಮ ಸ್ಟುಡಿಯೊ ಆಯಿತು. ಹೊರಗಿನ ಬಸ್ಸಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನ ಹೊಗೆಸೊಪ್ಪಿನ ಘಾಟು ಇಂದಿಗೂ ಹೊರಗೆ ಹೋಗಿಲ್ಲ. ಹೀಗಾಗಿ ಉದ್ಘಾಟನೆಯ ದಿನ ನಮ್ಮ ಕೇಂದ್ರದಿಂದ ಗಾಳಿಗೇರಿದ ಪ್ರಪ್ರಥಮ ಧ್ವನಿ ಸ್ವಾಗತವೂ ಅಲ್ಲ, ಪ್ರಾರ್ಥನೆಯೂ ಅಲ್ಲ, ನನ್ನ ಸೀನು. ಪ್ರಸಾರದ ವ್ಯಾಪ್ತಿ ಎಷ್ಟೆಂದು ಕೇಳಿದವರಿಗೆ, ಹುಣಸೂರಿನ ಬಸ್ಸಿನಲ್ಲಿ ಕಂಡಕ್ಟರು ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸುವವರೆಗೆ ಎಂದು ಹೇಳುತ್ತೇವೆ. ಅಷ್ಟರೊಳಗೆ ಸಸಿಮಡಿಯ ರೋಗ, ಪರೀಕ್ಷೆಯ ಅರ್ಜಿ, ತಪ್ಪಿಸಿಕೊಂಡ ಒಂಟಿ ಕೊಂಬಿನ ಎಮ್ಮೆ, ಎಲ್ಲಕ್ಕೂ ಜಾಗವಿದೆ.

ಇಲ್ಲಿಯವರೆಗೆ ನನ್ನ ಲೇಖನಿ ಸರಾಗವಾಗಿ ಓಡಿತು. ಆಮೇಲೆ ಚಿಕ್ಕತಾಯಮ್ಮನವರ ಸೋಬಾನೆಯ ಪ್ರಸಂಗ ಬಂದು ಎಡವಿತು.

ಪಕ್ಕದ ಹಳ್ಳಿಯ ಚಿಕ್ಕತಾಯಮ್ಮನವರೆಂದರೆ ಮದುವೆಯ ಸೋಬಾನೆ ಪದಗಳಿಗೆ ಆ ಸುತ್ತಿನಲ್ಲೆಲ್ಲ ಹೆಸರಾದವರು. ಕೇಂದ್ರ ಶುರುವಾದ ಹೊಸದರಲ್ಲಿ ಅವರನ್ನೂ ಜೊತೆಯ ನಾಲ್ವರು ಹೆಂಗಸರನ್ನೂ ಕರೆಸಿದೆವು. ಮೈಕು ನೋಡಿ ಅವರೇನೂ ಹೆದರಲಿಲ್ಲ, ಆದರೆ ಹಾಡಲು ಬಾಯಿ ಬಿಡಲಿಲ್ಲ. "ಅಸೆ ಮ್ಯಾಲೆ ಯಾರೂ ಇಲ್ದೆ ಬರೀ ಗೋಡೆಗೆ ಸೋಬಾನೆ ಏಳಕಾಯ್ತದಾ? ಒಳ್ಳೇದಲ್ಲ ಕಣ್ರಪ್ಪ" ಎಂದುಬಿಟ್ಟರು. ನಮ್ಮ ತಂತ್ರಜ್ಞ ಮಹದೇವು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಕೊನೆಗೆ ಮಣೆ ತರಿಸಿ, ಅರಿಶಿನ ಹಚ್ಚಿ, ನಿವೃತ್ತಿಯ ಅಂಚಿನಲ್ಲಿದ್ದ ನನ್ನನ್ನೇ ಮದುಮಗನಾಗಿ ಕೂರಿಸಿದರು. ಮೊದಲು ಹರಸುವ ಪದ, ಆಮೇಲೆ ಮದುಮಗನನ್ನು ಹೆಸರು ಹಿಡಿದು ಆಡಿಕೊಳ್ಳುವ ಪದ. ಪದ್ಧತಿಯಂತೆ ಕೂತವನನ್ನು ನೋಡನೋಡುತ್ತಲೇ ಕಟ್ಟಿ ಹಾಡಬೇಕು. ಚಿಕ್ಕತಾಯಮ್ಮನವರು ನನ್ನನ್ನು ಚೆನ್ನಾಗಿಯೇ ನೋಡಿದ್ದರು.

ಪ್ರಸಾರವಾದ ಮರುದಿನ ತರಕಾರಿ ಸಂತೆಯಲ್ಲಿ, ಕ್ಷೌರದಂಗಡಿಯಲ್ಲಿ, ಕಡೆಗೆ ನನ್ನದೇ ಒಂಬತ್ತನೆಯ ತರಗತಿಯಲ್ಲಿ ಆ ಪದ ನನ್ನನ್ನು ಎದುರುಗೊಂಡಿತು. ಮತ್ತೆ ಮತ್ತೆ ಹಾಕಿ ಎಂದು ಕೇಳುಗರ ಬೇಡಿಕೆ ಬೇರೆ. ಆಗ ಕೇಂದ್ರದಲ್ಲಿ ಮೆಮೊರಿ ಕಾರ್ಡುಗಳು ಎರಡೋ ಮೂರೋ. ಆದ್ದರಿಂದ ಒಂದು ಪುಸ್ತಕವಿಟ್ಟಿದ್ದೆವು. ಪ್ರಸಾರವಾದ ಕಾರ್ಯಕ್ರಮದ ಮುಂದೆ ನಮ್ಮಲ್ಲಿ ಯಾರಾದರೂ 'ಅಳಿಸಬಹುದು' ಎಂದು ಬರೆದರೆ ಮಹದೇವು ಅದರ ಮೇಲೆಯೇ ಹೊಸದನ್ನು ಧ್ವನಿಮುದ್ರಿಸುತ್ತಿದ್ದ. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ನಾನು ಸೋಬಾನೆಯ ಮುಂದೆ ದುಂಡನೆಯ ಅಕ್ಷರಗಳಲ್ಲಿ 'ಅಳಿಸಬಹುದು' ಎಂದು ಬರೆದೆ. ಅಳಿಸಿದ ಜಾಗದಲ್ಲಿ ಬಂದದ್ದು ಶುದ್ಧ ಉಚ್ಚಾರಣೆಯನ್ನು ಕುರಿತ ನನ್ನ ಉಪನ್ಯಾಸ. ಅದನ್ನು ಮತ್ತೊಮ್ಮೆ ಹಾಕಿ ಎಂದು ಇಂದಿನವರೆಗೆ ಯಾರೂ ಕೇಳಿಲ್ಲ.

ಇತಿಹಾಸದಲ್ಲಿ ಈ ಪುಟವನ್ನು ಹಾರಿಸಿಬಿಡೋಣವೆಂದು ಪೆನ್ನು ಕಡಿಯುತ್ತಾ ಸ್ಟುಡಿಯೊದಲ್ಲಿ ಅಡ್ಡಾಡುತ್ತಿದ್ದಾಗಲೇ ಚಿಕ್ಕತಾಯಮ್ಮನವರ ಮೊಮ್ಮಗಳು ಪವಿತ್ರಾ ಬಂದಳು. ಬಸ್ ನಿಲ್ದಾಣದ ಬಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಎಂಟು ದಿನಕ್ಕೆ ಅವಳ ಮದುವೆ. ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತು ವರ್ಷವಾಗಿತ್ತು. "ನಮ್ಮಜ್ಜಿ ಪದ ನಿಮ್ಮತ್ರ ಐತಂತಲ್ಲ ಸಾ, ಅಸೆ ಮುಂದೆ ಅದೇ ಆಕುಸ್ಬೇಕು. ಅಜ್ಜಿ ಬಾಯಿ ಇನ್ನೆಲ್ಲೂ ಇಲ್ಲ" ಎಂದಳು. ಮಹದೇವು ಹಳೆಯ ಪುಸ್ತಕ ತೆಗೆದು ಹಾಳೆ ತಿರುವಿ, ನನ್ನ ಅಕ್ಷರ ನೋಡಿ, ನನ್ನ ಮುಖವನ್ನೂ ನೋಡಿ ಮುಚ್ಚಿಟ್ಟ. ನಾನು ಗಂಟಲು ಸರಿಪಡಿಸಿಕೊಂಡು, ಬಲು ಶುದ್ಧವಾದ ಉಚ್ಚಾರಣೆಯಲ್ಲಿ, "ಆ ಕಾರ್ಡು ಕೆಟ್ಟುಹೋಗಿದೆಯಮ್ಮ" ಎಂದೆ.

ಅಲ್ಲಿಂದ ಮೂರು ದಿನ ನನ್ನ ಚಡಪಡಿಕೆಗೆ ಮಿತಿಯೇ ಇಲ್ಲದಾಯಿತು. ಪೇಪರು ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದುವುದು, ಹಾಲು ತರಲು ಹೋಗಿ ಬರಿಗೈಲಿ ಬರುವುದು, ಹಿತ್ತಲಿಗೂ ಬೀದಿಬಾಗಿಲಿಗೂ ಕಾರಣವಿಲ್ಲದೆ ಸವಾರಿ. ನಾಚಿಕೆಯಾಗಿತ್ತು, ಬೇರೇನೂ ಅಲ್ಲ. ನಾಲ್ಕನೆಯ ಬೆಳಿಗ್ಗೆ ನನ್ನ ಹೆಂಡತಿ, "ಏನ್ ಕಳ್ಕೊಂಡಿದ್ದೀರಾ ಹೇಳ್ಬುಡಿ, ನಾನೂ ಹುಡುಕ್ತೀನಿ" ಎಂದಾಗ ಚಪ್ಪಲಿ ಮೆಟ್ಟಿಕೊಂಡು ನೇರ ಆ ಹಳ್ಳಿಯ ದಾರಿ ಹಿಡಿದೆ.

ಚಿಕ್ಕತಾಯಮ್ಮನವರು ಜಗಲಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ಅವರೆದುರಿಗೇ ಪವಿತ್ರಾಗೆ ಎಲ್ಲವನ್ನೂ ಹೇಳಿದೆ: ಕಾರ್ಡು ಕೆಟ್ಟಿಲ್ಲ, ಕೆಡಿಸಿದವನು ನಾನು. ಹುಡುಗಿಯ ಕಣ್ಣು ತುಂಬಿತು. "ಆಡ್ಕಂಡಿದ್ಕೆ ಅಳಿಸ್ಬುಟ್ರಾ ಸಾ? ಅಸೆ ಮ್ಯಾಲೆ ಬೈಯೋದು ಬೈಗಳಾ? ಮೇಷ್ಟ್ರಾಗಿ ನಿಮ್ಗೆ ಅಷ್ಟೂ ತಿಳೀನಿಲ್ವಾ?" ಇಷ್ಟು ವರ್ಷ ಊರಿನ ಮಕ್ಕಳಿಗೆ ಪ್ರಶ್ನೆ ಹಾಕಿದ ನನ್ನ ಬಳಿ ಅವಳಿಗೆ ಕೊಡಲು ಇದ್ದದ್ದು ಒಂದೇ: ಆ ಪದ ನನಗೆ ಬರುತ್ತಿತ್ತು. ಜೊತೆಯ ಹೆಂಗಸರು ಹಿಂದಿನಿಂದ ಸೊಲ್ಲು ಹಿಡಿದು ಹಾಡಿದವರೇ ಹೊರತು ಕಟ್ಟಿದವರಲ್ಲ, ಅವರಿಗೆ ನೆನಪಿರಲಿಲ್ಲ. ನನ್ನನ್ನು ಹರಸಿದ ಪದ ನನಗೂ ಒಂದು ಸಾಲು ನೆನಪಿಲ್ಲ. ಆಡಿಕೊಂಡದ್ದು ಮಾತ್ರ ಒಂದಕ್ಷರ ಮರೆತಿಲ್ಲ ಎಂದೆ. ಪವಿತ್ರಾ ಕಣ್ಣೊರೆಸಿಕೊಂಡು, "ಬೈದಿದ್ದಾದ್ರೂ ಆಯ್ತು, ಅಜ್ಜೀದೇ ತಾನೆ. ನೀವೇ ಏಳ್ಕೊಡಿ" ಎಂದಳು.

ಮರುದಿನ ಆಟೋದಲ್ಲಿ ಅಜ್ಜಿಯನ್ನೂ ಕೂರಿಸಿಕೊಂಡು ಬಂದಳು. ಬ್ಯಾರನ್ನಿನ ಒಳಗೆ ಮೈಕಿನ ಮುಂದೆ ನಾನು, ಪಕ್ಕದಲ್ಲಿ ಚಿಕ್ಕತಾಯಮ್ಮನವರು. ಕುರ್ಚಿ ಆಗಲೇ ಕಿರ್ರೆನ್ನತೊಡಗಿತ್ತು. ಸ್ವರವೆಂಬುದು ನನ್ನ ವಂಶದಲ್ಲೇ ಇಲ್ಲ. ಆದರೂ ಶುರು ಮಾಡಿದೆ:

ಅಸೆ ಮ್ಯಾಲೆ ಕುಂತವ್ನೆ ಕುಂತಂಗೆ ಇರನಲ್ಲ,
ಇರುವೆ ಗೂಡಿನ ಮ್ಯಾಲೆ ಕೂರ್ಸಿದೋರ್ಯಾರಮ್ಮ?
ಊರ ಮಕ್ಕಳ ಮಾತ ತಿದ್ದೋಕೆ ಬಂದವ್ನು
ಎಂಡ್ತಿ ಕೆಮ್ಮಿದರೆ ಮಾತೇ ಮರೀತಾನೆ!

ಒಳಗೋಡೆಯ ಕಟ್ಟೆಯ ಮೇಲೆ ಕೂತಿದ್ದ ಪವಿತ್ರಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮುಗಿಯಿತು" ಎಂದೆ. ಮಹದೇವು ಗುಂಡಿಯತ್ತ ಕೈ ಚಾಚಿದ. ಆಗ ಚಿಕ್ಕತಾಯಮ್ಮನವರ ಎಡಗೈ ನಿಧಾನವಾಗಿ ಮೇಲೆದ್ದು, ತೋರುಬೆರಳು ನನ್ನ ಮೂಗಿನ ನೇರಕ್ಕೆ ಬಂದು ನಿಂತಿತು. ಇನ್ನೆರಡು ಸಾಲು ಉಳಿದಿವೆ ಎಂದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ನೆನಪಿತ್ತು. ಅಂದು ನಾನು 'ಅಳಿಸಬಹುದು' ಎಂದು ಬರೆದದ್ದು ಇರುವೆಗೂಡಿಗಲ್ಲ, ಹೆಂಡತಿಯ ಕೆಮ್ಮಿಗೂ ಅಲ್ಲ, ಆ ಎರಡು ಸಾಲಿಗೆ. ಈಗ ಅದನ್ನೇ ಎರಡನೆಯ ಸಲ ಅಳಿಸಲು ಹೊರಟಿದ್ದೆ. ಬೆರಳು ಇಳಿಯಲಿಲ್ಲ. ಹಾಡಿದೆ:

ಎಲ್ಲಾರ ಮಾತಿಗೂ ಅಡ್ಡ ಬಾಯ್ ಆಕೋನು
ಒಬ್ಬರ ಪದವಾನೂ ಕೇಳ್ದೋನಲ್ಲ.

ಬೆರಳು ಇಳಿಯಿತು. ಆಮೇಲೆ ಚಿಕ್ಕತಾಯಮ್ಮನವರು ಸೊಟ್ಟಗಾದ ಬಾಯಿಂದಲೇ ಮಾತಿಲ್ಲದ ಒಂದು ಎಳೆ ತೆಗೆದರು. ಪದಗಳಿರಲಿಲ್ಲ, ಹರಸುವ ಸೋಬಾನೆಯ ಧಾಟಿ ಮಾತ್ರ ಇತ್ತು, ಉಸಿರು ಕಟ್ಟುತ್ತ, ನಿಲ್ಲುತ್ತ, ಮತ್ತೆ ಹಿಡಿಯುತ್ತ. ಪವಿತ್ರಾ ಅಜ್ಜಿಯ ಕಾಲ ಬಳಿ ಬಂದು ಕೂತಳು. ಎಷ್ಟು ಹೊತ್ತು ಆ ಧಾಟಿ ನಡೆಯಿತೋ ನನಗೆ ಗೊತ್ತಿಲ್ಲ.

ಮುಗಿದ ಮೇಲೆ ಮಹದೇವು ಕಿವಿಯ ಹೆಡ್‌ಫೋನು ತೆಗೆದು ಅನುಮಾನದಿಂದ ನನ್ನ ಕಡೆ ಬಗ್ಗಿ ನೋಡಿದ.

"ಸಾ, ಕುರ್ಚಿ ಏನಾರ ಮುರುದೋಯ್ತಾ? ಅಜ್ಜಿ ಆಡೋವಾಗ ಸದ್ದೇ ಬರ್ನಿಲ್ಲ."