ಸೆರಾಪಿನಾ ಬಾಯಮ್ಮನ ಬಣ್ಣದ ಲೇಸು

ಸೆರಾಪಿನಾ ಬಾಯಮ್ಮ ಯಾವ ಬಣ್ಣವನ್ನೂ ಮನೆಯೊಳಗೆ ನೋಡಿ ಒಪ್ಪಿದವರಲ್ಲ. ಹೊಸ ಸೀರೆ ಉಟ್ಟು ಅವರ ಮನೆಗೆ ಹೋದರೆ ಕೂತುಕೊಳ್ಳಿ ಅನ್ನುವ ಮಾತಿಲ್ಲ. ಸೆರಗಿನ ತುದಿ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ, ಬಿಸಿಲಿಗೆ ಒಡ್ಡಿ, ಮಗುಚಿ ನೋಡಿ, "ಇದು ಹಸಿರಲ್ಲ ಮಾರಾಯ್ತಿ, ಹಸಿರಾಗ್ಲಿಕ್ಕೆ ಹೊರಟ ಹಳದಿ" ಎಂದು ತೀರ್ಪು ಕೊಟ್ಟ ಮೇಲೆಯೇ ಚಹಾದ ವಿಚಾರ. ಒಮ್ಮೆ ಸಿವಿಲ್ ಸ್ಟೇಷನ್ನಿನ ಕಚೇರಿಯಿಂದ ರೇಷನ್ ಕಾರ್ಡಿನ ತನಿಖೆಗೆ ಬಂದ ಗುಮಾಸ್ತರನ್ನೂ ಬಿಡಲಿಲ್ಲ. ಸರಕಾರಿ ಗತ್ತಿನಲ್ಲಿ ಬಂದಿದ್ದ ಆ ಮನುಷ್ಯ, ತೋಳು ಚಾಚಿ ಅಂಗಳದಲ್ಲಿ ಸುಮ್ಮನೆ ನಿಂತಿದ್ದರು, ಪಾಪ. ಅವರ ಅಂಗಿ ಬೂದಿಯೋ ನೀಲಿಯೋ ಎಂಬುದು ಇತ್ಯರ್ಥವಾಗುವವರೆಗೆ ಕಾರ್ಡಿನ ಮಾತು ಮುಂದುವರಿಯಲಿಲ್ಲ.

ನಾನು ಮದುವೆಯಾಗಿ ಗಡಿನಾಡಿನ ವಿದ್ಯಾನಗರಕ್ಕೆ ಬಂದಾಗ ಅವರು ನಮ್ಮ ಪಕ್ಕದ ಮನೆಯಲ್ಲಿದ್ದರು. ಮದುವೆಯಾಗದೆ ಉಳಿದವರು, ತಮ್ಮನ ಸಂಸಾರದ ಜೊತೆ ಇದ್ದವರು. ನನ್ನ ಗಂಡ ರಜೆ ಮುಗಿಸಿ ದುಬೈಗೆ ಹೋಗಿದ್ದ. ಮನೆಯಲ್ಲಿ ಅತ್ತೆ, ನಾದಿನಿ ರಂಸೀನಾ ಮತ್ತು ನಾನು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಶುಕ್ರವಾರ ಫೋನು ಬಂದರೆ ಮೂವರೂ ಸಾಲಾಗಿ ನಿಂತು ಮಾತಾಡುವುದು, ನನ್ನ ಸರದಿ ಬರುವಾಗ ಲೈನು ಕಟ್ಟಾಗುವುದು. ತವರಿನಲ್ಲಿ ನನ್ನ ನಾಲಿಗೆ ಊರಿಗೇ ಹೆಸರುವಾಸಿ. ಇಲ್ಲಿ ಅದನ್ನು ಮಡಚಿ ಒಳಗಿಟ್ಟುಕೊಂಡು, ಹೌದು, ಅಲ್ಲ ಎಂದಷ್ಟೇ ಹೇಳುತ್ತ ದಿನ ತಳ್ಳುತ್ತಿದ್ದೆ.

ಮಧ್ಯಾಹ್ನವಾದರೆ ಪಾಗಾರದ ಗೋಡೆಯ ಆಚೆಯಿಂದ ಟಕಟಕ ಎಂಬ ಸದ್ದು. ಯಾರೋ ಚೆನ್ನೆಮಣೆ ಆಡುತ್ತಿದ್ದಾರೆ ಅಂದುಕೊಂಡೆ. ಇಣುಕಿ ನೋಡಿದರೆ ಜಗಲಿಯಲ್ಲಿ ಒಬ್ಬರು ದಪ್ಪ ಕನ್ನಡಕದ ಹೆಂಗಸು, ಮಡಿಲಲ್ಲಿ ಗಟ್ಟಿಯಾದ ಉರುಟು ದಿಂಬು, ಅದರ ತುಂಬ ಗುಂಡುಸೂಜಿ, ಸುತ್ತ ಜೋಲುತ್ತಿರುವ ಬೆರಳುದ್ದದ ಮರದ ಕಡ್ಡಿಗಳು. ಪ್ರತಿ ಕಡ್ಡಿಗೂ ಒಂದು ಬಣ್ಣದ ನೂಲು ಸುತ್ತಿತ್ತು. ಕಡ್ಡಿಗಳು ಅವರ ಬೆರಳ ನಡುವೆ ಓಡಾಡಿದ ಹಾಗೆಲ್ಲ ದಿಂಬಿನ ಮೇಲೆ ಲೇಸು ಬೆಳೆಯುತ್ತಿತ್ತು. ನಾನು ನೋಡುತ್ತಿರುವುದು ಗೊತ್ತಾಗಿ, ತಲೆಯೆತ್ತದೆ, "ಪಾಗಾರಕ್ಕೆ ಗೇಟು ಉಂಟು" ಅಂದರು. ನಾನು ಗೇಟಿನಿಂದಲೇ ಹೋದೆ. ಆಮೇಲೆ ದಿನಾ ಹೋದೆ.

ಕೆಲಸ ನೋಡಲಿಕ್ಕೆ ಸುಲಭ. ಎರಡೆರಡು ಜೋಡಿ ಕಡ್ಡಿ ತೆಗೆದುಕೊಳ್ಳಬೇಕು, ಒಂದರ ಮೇಲೊಂದು ದಾಟಿಸಬೇಕು, ತಿರುಚಬೇಕು, ಸೂಜಿ ಚುಚ್ಚಿ ನಿಲ್ಲಿಸಬೇಕು. ಎಲ್ಲಿ ಚುಚ್ಚಬೇಕೆಂಬುದಕ್ಕೆ ಕೆಳಗೆ ತೂತು ಕೊರೆದ ನಕ್ಷೆ ಇರುತ್ತದೆ. ಬಾಯಮ್ಮ ಅದಕ್ಕೆ ಹಳೆಯ ಎಕ್ಸ್‌ರೇ ಫಿಲ್ಮು ಬಳಸುತ್ತಿದ್ದರು. ಅವರ ತಮ್ಮ ಸ್ಕೂಟರಿನಿಂದ ಬಿದ್ದಾಗ ತೆಗೆಸಿದ ಎಕ್ಸ್‌ರೇಗಳೆಲ್ಲ ಹೀಗೆ ಉಪಯೋಗಕ್ಕೆ ಬಂದಿದ್ದವು. ತನ್ನ ಮೊಣಗಂಟಿನ ಮೇಲೆ ಅಕ್ಕ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಾಳೆ ಎಂದು ಆತ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದ.

ಈ ವಿದ್ಯೆ ಅವರಿಗೆ ಬಂದದ್ದು ಹುಡುಗಿಯಾಗಿದ್ದಾಗ, ಕಾನ್ವೆಂಟಿನಲ್ಲಿ. ಅಲ್ಲಿ ಚರ್ಚಿನ ಅಲ್ತಾರಿನ ಬಟ್ಟೆಗೆ ಲೇಸು ಮಾಡಿಸುತ್ತಿದ್ದರು, ಬಿಳಿ ಬಿಟ್ಟು ಬೇರೆ ಮಾತಿಲ್ಲ. ಇವರು ಅಂಚಿಗೆ ಕೆಂಪು ನೂಲು ಸೇರಿಸಿದರು. ಸಿಸ್ಟರ್ ಕಿವಿ ಹಿಂಡಿ, ದೇವರಿಗೆ ಬಿಳಿಯೇ ಇಷ್ಟ ಎಂದರಂತೆ. ಹಾಗಾದರೆ ದಾಸವಾಳ ಮಾಡಿದ್ದು ಯಾರು ಎಂದು ಇವರು ಕೇಳಿದರಂತೆ. ಮರುದಿನದಿಂದ ಅವರಿಗೆ ಅಡುಗೆಮನೆಯ ಕೆಲಸವೇ ಖಾಯಂ. ಆದರೆ ಕೈಗೆ ಬಂದ ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಬಣ್ಣದ ಲೇಸು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಕಡ್ಡಿ ಹಿಡಿದ ಮೇಲೆ. "ಬಿಳಿಯಲ್ಲಿ ಎಲ್ಲ ನೂಲೂ ಒಂದೇ ಮೋರೆಯವು, ಒಂದು ದಾರಿ ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ" ಎನ್ನುತ್ತಿದ್ದರು. "ಬಣ್ಣದಲ್ಲಿ ಹಾಗಲ್ಲ ಮಗಾ. ಕೆಂಪು ಹೋಗುವಲ್ಲಿ ಹಳದಿ ಹೋದರೆ ಊರಿಡೀ ಸುದ್ದಿ." ಪ್ರತಿಯೊಂದು ನೂಲು ಎಲ್ಲಿ ಹೊರಟು, ಯಾರನ್ನು ದಾಟಿ, ಎಲ್ಲಿ ಹೋಗಿ ಸೇರುತ್ತದೆ ಎಂಬುದನ್ನು ಮೊದಲೇ ತಲೆಯಲ್ಲಿ ನಡೆಸಿಕೊಂಡು ಬರಬೇಕು. ನನ್ನ ಲೇಸು ನೋಡಿ ಅವರು ಹೊಗಳಿದ್ದು ಕಡಿಮೆ. ತಪ್ಪಿದಲ್ಲಿ ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದರು. ನಾನು ಬಿಚ್ಚಿ ಮತ್ತೆ ಮಾಡುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಅವರಿಗೆ ಬಣ್ಣ ಎಲ್ಲೆಲ್ಲಿಂದಲೋ ಸಿಗುತ್ತಿತ್ತು. ಒಂದು ಬೆಳಿಗ್ಗೆ ಮೀನಿನವ ಹಾರ್ನ್ ಹೊಡೆದು ನಿಂತಾಗ ಬಾಯಮ್ಮ ಪಾತ್ರೆಯ ಬದಲು ನೂಲಿನ ಬಿಸ್ಕೆಟ್ ಡಬ್ಬಿ ಹಿಡಿದು ಓಡಿ ಬಂದರು. ಬುಟ್ಟಿಯ ಬಂಗುಡೆಯೊಂದನ್ನು ಅಂಗೈಯಲ್ಲಿ ಮಲಗಿಸಿ, ಅದರ ಬೆನ್ನಿನ ಹಸಿರು ನೀಲಿಗೂ ಆ ಕಪ್ಪು ಅಲೆಗಳಿಗೂ ಒಂದೊಂದೇ ನೂಲು ಹೋಲಿಸುತ್ತ ನಿಂತರು. ಮೀನಿನವ ಗೊಣಗಿದ, ಬೆಕ್ಕು ಬಂತು, ಬೀದಿಯ ಹೆಂಗಸರೆಲ್ಲ ಸೇರಿದರು. ಬಂಗುಡೆಗೆ ಬೆಳಿಗ್ಗೆ ಇರುವ ಬಣ್ಣ ಮಧ್ಯಾಹ್ನಕ್ಕೆ ಇರುವುದಿಲ್ಲ, ಸಾರು ಬೇಕಾದರೆ ತಡವಾಗಲಿ ಎಂಬುದು ಅವರ ವಾದ. ಅಂದು ಅವರ ಮನೆಯಲ್ಲಿ ಊಟ ಎಷ್ಟು ತಡವಾಯಿತೋ, ತಮ್ಮ ಮಾತ್ರ ನಮ್ಮಲ್ಲಿ ಬಂದು ಗಂಜಿ ಕುಡಿದುಕೊಂಡು ಹೋದ. ಆದರೆ ಆ ಬಂಗುಡೆ ಲೇಸು! ಅಂಥದ್ದನ್ನು ನಾನು ಮತ್ತೆ ನೋಡಿಲ್ಲ. ನನಗೂ ಅದೇ ನಕ್ಷೆ ಕೊಡಿ ಎಂದರೆ ಕೊಡಲಿಲ್ಲ. "ಬಂಗುಡೆ ನನ್ನದು. ನಿನ್ನದು ನೀನು ಹುಡುಕು" ಅಂದರು.

ಹೀಗೆ ವರ್ಷಗಳು ಹೋದವು. ನನಗೆ ಮಕ್ಕಳಾದವು, ಮಡಚಿಟ್ಟ ನಾಲಿಗೆ ಪೂರ್ತಿ ಬಿಚ್ಚಿತು. ರಂಸೀನಾಳ ಮದುವೆ ನಿಶ್ಚಯವಾದಾಗ ಅವಳ ಶಾಲಿನ ಅಂಚಿಗೆ ಲೇಸು ಮಾಡುವ ಕೆಲಸವನ್ನು ಬಾಯಮ್ಮ ತಾವಾಗಿಯೇ ವಹಿಸಿಕೊಂಡರು. ಕೆನೆ ಬಣ್ಣದ ಮೇಲೆ ಕಡುನೀಲಿ ಅಲೆ. ಮದುವೆಗೆಂದು ನಾವು ಮನೆಗೆ ಸುಣ್ಣ ಹೊಡೆಸಿದ್ದೆವು. ಲೇಸು ಕೊಡಲು ಬಂದವರು ಗೋಡೆ ನೋಡಿ, ಕೆನೆ ಬಣ್ಣ ಒಳ್ಳೆಯದಾಯಿತು ಅಂದರು. ಗೋಡೆ ಹಾಲಿನಷ್ಟು ಬಿಳಿ ಇತ್ತು. ತಮಾಷೆ ಅಂದುಕೊಂಡು ನಾನು ಲೇಸು ಬಿಡಿಸಿದೆ.

ಕಡುನೀಲಿ ಒಂದು ಮೊಳ ಸರಿಯಾಗಿ ಹೋಗಿ, ಆಮೇಲೆ ನೇರಳೆಯಾಗಿತ್ತು. ಇನ್ನೂ ಮುಂದೆ ಹೋದರೆ ಕಪ್ಪು. ಕಡ್ಡಿಯ ನೂಲು ಮುಗಿದಾಗಲೆಲ್ಲ ಡಬ್ಬಿಯಿಂದ ನೀಲಿ ಎಂದು ಬೇರೆ ಬೇರೆ ಉಂಡೆ ತೆಗೆದು ಸುತ್ತಿದ್ದರು. ಕೆನೆ ಇರಬೇಕಾದಲ್ಲೆಲ್ಲ ಬಿಳಿ. ಅತ್ತೆ ನನಗೆ ಕಣ್ಸನ್ನೆ ಮಾಡಿದರು, ಸುಮ್ಮನಿರು ಎಂದು. ನನ್ನಿಂದಾಗಲಿಲ್ಲ.

"ಬಾಯಮ್ಮ, ಇದರಲ್ಲಿ ನೀಲಿ ಎಲ್ಲಿವರೆಗೆ ಉಂಟು? ಬೆರಳಿಟ್ಟು ತೋರಿಸಿ."

ಅವರು ಈ ತುದಿಯಿಂದ ಆ ತುದಿಯವರೆಗೆ ಬೆರಳು ಎಳೆದರು. ನಾನು ನೀಲಿ ಮುಗಿದ ಜಾಗ, ನೇರಳೆ ಮುಗಿದ ಜಾಗ ತೋರಿಸಿದೆ. ಅವರು ಲೇಸನ್ನು ಕಿತ್ತುಕೊಂಡು ಅಂಗಳಕ್ಕೆ ಹೋದರು. ಬಿಸಿಲಿನಲ್ಲಿ ತುಂಬ ಹೊತ್ತು ನಿಂತರು. ಬಂದಾಗ ಮುಖ ಕೆಂಪಗಾಗಿತ್ತು.

"ನಿನಗೆ ಬಣ್ಣ ತೋರಿಸಿಕೊಟ್ಟದ್ದು ಯಾರು?"

"ನೀವೇ. ಅದಕ್ಕೇ ಹೇಳಿದ್ದು."

ಅವರು ಲೇಸನ್ನು ನನ್ನ ಕೈಗೆ ತುರುಕಿ ಹೊರಟುಹೋದರು. ಮರುದಿನ ಟಕಟಕ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಮತ್ತೆ ಸದ್ದು ಶುರುವಾದಾಗ ಓಡಿ ಹೋಗಿ ನೋಡಿದರೆ, ದಿಂಬಿನ ಮೇಲೆ ಬರೀ ಬಿಳಿ. ಬಿಸ್ಕೆಟ್ ಡಬ್ಬಿ ಕಪಾಟಿನ ಮೇಲೆ ಹೋಗಿತ್ತು.

"ಬಿಳಿ ಕೈಗೇ ಗೊತ್ತುಂಟು ಮಗಾ. ಬಣ್ಣಕ್ಕೆ ಕಣ್ಣು ಬೇಕು. ಇನ್ನು ನನಗೆ ಇದು ಸಾಕು" ಅಂದರು.

ದಾಸವಾಳ ಮಾಡಿದ್ದು ಯಾರು ಎಂದು ಸಿಸ್ಟರನ್ನೇ ಕೇಳಿದ ಹೆಂಗಸು, ಈಗ ತಾವಾಗಿ ಬಿಳಿಗೆ ಹೋಗಿ ಕೂತಿದ್ದರು. ಕಣ್ಣಿಗೆ ಪೊರೆ ಬಂದದ್ದು, ಆಪರೇಶನ್ ಮಾಡಿಸಿದರೆ ಆಯಿತು ಎಂದು ಬೈದೆ. ಅವರ ತಮ್ಮನೂ ಬೈದ. ಅವರದು ಒಂದೇ ಹೆದರಿಕೆ: ಅವರ ತಾಯಿಗೆ ಹಿಂದಿನ ಕಾಲದಲ್ಲಿ ಇದೇ ಆಪರೇಶನ್ ಆಗಿ, ಕಾಣುತ್ತಿದ್ದ ಮಸುಕು ಬೆಳಕೂ ಹೋಗಿಬಿಟ್ಟಿತ್ತು. ಈಗ ಬಿಳಿಯಾದರೂ ಮಾಡುತ್ತಿದ್ದೇನೆ, ಆಮೇಲೆ ಅದೂ ಇಲ್ಲವಾದರೆ ಎಂತ ಮಾಡಲಿ ಎಂದು ಕೇಳಿದರು.

ಉತ್ತರ ಕೊಟ್ಟದ್ದು ನನ್ನ ಅತ್ತೆ. ಅವರಿಗೆ ಹಿಂದಿನ ವರ್ಷ ಅದೇ ಆಪರೇಶನ್ ಆಗಿತ್ತು. ಅವರು ವಾದ ಮಾಡುವವರಲ್ಲ. ಸೂಜಿ ನೂಲು ಹಿಡಿದುಕೊಂಡು ಪಕ್ಕದ ಮನೆಗೆ ಹೋದರು, ಬಾಯಮ್ಮನ ಎದುರು ಕುರ್ಚಿ ಹಾಕಿ ಕೂತರು, ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ನೂಲು ಪೋಣಿಸಿದರು. ನೂಲು ಎಳೆದು ತೆಗೆದು ಮತ್ತೊಮ್ಮೆ ಪೋಣಿಸಿದರು. ಎದ್ದು ಬಂದರು. ಮರುದಿನ ಬೆಳಿಗ್ಗೆ ಬಾಯಮ್ಮ ಪಾಗಾರದ ಹತ್ತಿರ ನಿಂತು, ಪೇಟೆಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.

ಆಸ್ಪತ್ರೆಗೆ ರೋಗಿಯ ಜೊತೆಗಿರುವ ಬೈಸ್ಟ್ಯಾಂಡರ್ ಆಗಿ ಹೋದವಳು ನಾನು. ಕೊರಳಲ್ಲಿ ಶಿಲುಬೆ ಹಾಕಿದವರ ಜೊತೆ ತಲೆಗೆ ಶಾಲು ಹೊದ್ದವಳನ್ನು ನೋಡಿ, ನರ್ಸು ಮಲಯಾಳದಲ್ಲಿ, ಇವಳು ಯಾರು ಎಂದು ಕೇಳಿದಳು. ಪಕ್ಕದ ಮನೆಯವಳು, ಬಾಯಿ ಜೋರು, ಅದರಿಂದಲೇ ಇಲ್ಲಿಗೆ ಬಂದದ್ದು ಎಂದರು ಬಾಯಮ್ಮ. ಆದರೆ ಒಳಗೆ ಕರೆದುಕೊಂಡು ಹೋಗುವಾಗ ನನ್ನ ಕೈ ಬಿಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹೊರಗೆ ಕೂತು ನಾನು ನನಗೆ ಬರುವ ದುವಾ ಎಲ್ಲ ಹೇಳಿಕೊಂಡೆ. ಅವರ ಕಣ್ಣು ಹೋದರೆ ಕಳಿಸಿದವಳು ನಾನು, ಅಲ್ವಾ?

ಪಟ್ಟಿ ತೆಗೆದಾಗ ಅವರು ಡಾಕ್ಟರನ್ನು ನೋಡಲಿಲ್ಲ. ನನ್ನ ಶಾಲಿನ ತುದಿ ಹಿಡಿದರು.

"ಜೊಹರಾ, ಇದು ಇಷ್ಟು ನೀಲಿಯಾ?"

ಅಷ್ಟು ಹೇಳಿ ಅತ್ತುಬಿಟ್ಟರು. ಕಣ್ಣಿಗೆ ನೀರು ತಾಗಬಾರದು ಎಂದು ನರ್ಸು ಗದರಿಸಿದಳು. ನಾನೂ ಅಳುತ್ತಿದ್ದೆ, ಖುಷಿಗೆ.

ಮನೆಗೆ ಬಂದವರು ಕೇಳಿದ್ದು ರಂಸೀನಾಳ ಲೇಸು. ಅವಳು ನಿಕಾಹ್ ದಿನ ಅದನ್ನೇ ಹಾಕಿಕೊಂಡಿದ್ದಳು. ಗಂಡನ ಕಡೆಯವರು, ಎಲ್ಲಿಯ ಹೊಸ ಫ್ಯಾಶನ್ ಎಂದು ವಿಚಾರಿಸಿದ್ದರು. ಬಿಚ್ಚಿ ಸರಿ ಮಾಡಿಕೊಡುತ್ತೇನೆ ಎಂದು ಬಾಯಮ್ಮ ಹೇಳಿದರೂ ಅವಳು ಒಪ್ಪಲಿಲ್ಲ. ಬಾಯಮ್ಮ ಶಾಲನ್ನು ಅಂಗಳಕ್ಕೆ ಒಯ್ದು, ನೀಲಿ ನೇರಳೆಗೆ ತಿರುಗುವ ಜಾಗವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಕಣ್ಣು ಸರಿ ಇದ್ದಿದ್ದರೆ ಈ ನೇರಳೆಯನ್ನು ಇಲ್ಲಿ ಇಡ್ಲಿಕ್ಕೆ ನನಗೆ ಧೈರ್ಯ ಬರ್ತಿರಲಿಲ್ಲ" ಅಂದರು. ಅದನ್ನೇ ಈ ಸಲ ಬೇಕೆಂದೇ ಮಾಡಿದ ಲೇಸು ಮುಂದಿನ ಕ್ರಿಸ್ಮಸ್ಸಿಗೆ ಸಿದ್ಧವಾಯಿತು.

ಇನ್ನೊಂದು ಕಣ್ಣಿಗೆ ಡಾಕ್ಟರು ಕರೆದಾಗ ಅವರು ಹೋಗಲಿಲ್ಲ. ಮತ್ತೆ ಹೆದರಿಕೆಯಾ ಎಂದು ನಾನು ಜಗಳಕ್ಕೆ ಹೋದೆ. ಅವರು ಒಂದು ಕಣ್ಣು ಮುಚ್ಚಿ ನಮ್ಮ ಗೋಡೆ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು. ಒಂದಕ್ಕೆ ಬಿಳಿ, ಒಂದಕ್ಕೆ ಕೆನೆ.

"ಇಗರ್ಜಿಯಲ್ಲಿ ಪೂಜೆಗೆ ನನ್ನ ಸಾಲಲ್ಲಿ ಕೂತುಕೊಳ್ಳುವವರೆಲ್ಲ ಪೊರೆಯವರು ಮಾರಾಯ್ತಿ. ನನ್ನ ಲೇಸು ಅವರಿಗೂ ಚೆಂದ ಕಾಣಬೇಡವಾ? ಈ ಕಣ್ಣೊಂದು ಅವರಿಗೆ ಇರಲಿ."

ಆಮೇಲೆ ಅವರು ಮಾಡಿದ್ದೆಲ್ಲ ಎರಡೂ ಕಣ್ಣಿನ ಪರೀಕ್ಷೆ ದಾಟಿ ಬಂದದ್ದು. ಹೊಸ ಕಣ್ಣಿನಲ್ಲಿ ನಕ್ಷೆ, ಹಳೆಯದರಲ್ಲಿ ಒಪ್ಪಿಗೆ. ಅವರ ಕೈಯಿಂದ ಬಂದ ಅತ್ಯುತ್ತಮ ಲೇಸುಗಳು ಆ ವರ್ಷಗಳವು. ನನಗೆ ಬದುಕಿನಲ್ಲಿ ನೋಡುವ ರುಚಿ ಹತ್ತಿಸಿದ್ದು ಅವರು. ಇವತ್ತಿಗೂ ಗೇರುಹಣ್ಣು ಕಂಡರೆ, ಇದು ಎಷ್ಟು ಕೆಂಪು, ಎಲ್ಲಿ ಹಳದಿಗೆ ತಿರುಗಿತು ಎಂದು ನಿಂತು ನೋಡುತ್ತೇನೆ. ಅದಕ್ಕೆ ನಾನು ಅವರಿಗೆ ಸಾಯುವವರೆಗೆ ಋಣಿ.

ಗೇರುಹಣ್ಣು ಅಂದೆನಲ್ಲ, ನನ್ನದು ಎಂದು ನಾನು ಕೊನೆಗೆ ಹುಡುಕಿಕೊಂಡದ್ದು ಅದನ್ನೇ. ನಕ್ಷೆ, ಬಣ್ಣ ಎಲ್ಲ ನನ್ನದೇ ಆದ ಮೊದಲ ಲೇಸು ಮುಗಿಯುವಾಗ ಬಾಯಮ್ಮ ಹಾಸಿಗೆ ಹಿಡಿದಿದ್ದರು. ಎದೆಯ ಕಾಯಿಲೆ, ಮಾತಾಡಿದರೆ ಏದುಸಿರು. ತೋರಿಸಲು ಹೋದೆ. ನಾವು ಒಬ್ಬರನ್ನೊಬ್ಬರು ಕೊನೆಯ ಸಲ ನೋಡಿದ್ದು ಅವತ್ತು. ಆ ವಾರವೇ ಅವರು ತೀರಿಕೊಂಡರು.

ತಲೆದಿಂಬಿಗೆ ಒರಗಿಸಿ ಕೂರಿಸಿ, ಕಿಟಕಿ ತೆರೆದು, ಲೇಸನ್ನು ಮಡಿಲಲ್ಲಿ ಹಾಸಿದೆ. ಅವರು ಹಳೆಯ ಕಣ್ಣು ಮುಚ್ಚಿ ಹೊಸದರಲ್ಲಿ ನೋಡಿದರು. ಬೆರಳು ನಿಧಾನವಾಗಿ ಹೋಗಿ ಒಂದು ಕಡೆ ನಿಂತಿತು. ಒಂದು ಜೋಡಿ ಹಳದಿ, ಕೆಂಪಿನ ಹಾದಿ ಹಿಡಿದು ಹೋಗಿತ್ತು. ನನಗೆ ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಬಿಚ್ಚಿ ಮಾಡುತ್ತೇನೆ ಎಂದು ತೆಗೆಯಲು ಹೋದೆ. ಅವರು ಬಿಡಲಿಲ್ಲ. ಅಂಗೈಯಿಂದ ಹೊಸ ಕಣ್ಣನ್ನು ಮುಚ್ಚಿಕೊಂಡು, ಹಳೆಯ ಕಣ್ಣಿನಲ್ಲಿ ಇಡೀ ಲೇಸನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಈ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಚೆಂದ ಉಂಟು. ಬಿಚ್ಚಬೇಡ."

ನಾನು ಎದ್ದು, ಕಿಟಕಿ ಅರ್ಧ ಮುಚ್ಚಿ, ಬರುತ್ತೇನೆ ಎಂದು ಹೇಳಿ ಬಾಗಿಲು ದಾಟುವವರೆಗೂ ಅವರು ಆ ಕೈಯನ್ನು ಹೊಸ ಕಣ್ಣಿನ ಮೇಲಿನಿಂದ ತೆಗೆಯಲಿಲ್ಲ.